ಬೇರೆ ಕೂತು ಉಂಡವಳು

ಹಂದಿಜ್ವರದ ವರ್ಷ ಗೆಟ್ಟವಾಡಿಗೆ ನರ್ಸಾಗಿದ್ದ ನಾನು, ಕೆಮ್ಮು ಬಂದವರು ಬೇರೆ ಕೂತು ಉಣ್ಣಲಿ ಎಂದು ಮನೆಮನೆಗೆ ಹೇಳಿ ಬಂದಿದ್ದೆ. ಎರಡು ತಿಂಗಳ ಮೇಲೆ ಒಂದು ಮನೆಗೆ ಹೋದರೆ, ಹದಿನಾರು ವರ್ಷದ ಹುಡುಗಿ ಕಡ್ಡಿಯಾಗಿದ್ದಳು. ಹಿತ್ತಿಲಲ್ಲಿ ಅವರ ನಾಯಿ ಮಾತ್ರ ಕೊಬ್ಬಿ ಮಲಗಿತ್ತು.

"ಕೆಮ್ಮು ಓಗಿ ತಿಂಗ್ಳಾಯ್ತು ಕಣಮ್ಮ. ಇನ್ನೂ ಹಿತ್ಲಲ್ಲೇ ಕುಂತು ಉಂಡು, ತಟ್ಟೆ ತೊಳ್ದು ಮಡುಗ್ತಾಳೆ," ಅಂದಳು ತಾಯಿ.

ಹುಡುಗಿಯನ್ನು ಹಿತ್ತಿಲಿಗೆ ಕರೆದೆ. "ನಾಯಿಗೆ ಎಷ್ಟು ದಿನದಿಂದ ಹಾಕ್ತಿದ್ದೀಯವ್ವ?"

"ಜ್ವರ ಅಂತ ಇಸ್ಕೂಲು ಮುಚ್ದಾಗಿಂದ. ಮನೇಲೇ ಕುಂತು ದಪ್ಪ ಆಯ್ತೀನಿ ಅಂತ ಎದ್ರಿಕೆ. ಈಗ ಉಣ್ಣಕೋದ್ರೂ ಗಂಟ್ಲಲ್ಲಿ ಇಳಿಯಾಕಿಲ್ಲ. ನೀವೇ ಬ್ಯಾರೆ ಕುಂತ್ಕೊ ಅಂದ್ರಲ್ಲಕ್ಕ, ಸಲೀಸಾಯ್ತು."

ದಾರಿ ತೋರಿಸಿದವಳು ನಾನೇ. ತಾಯಿಗೆ ವಿಷಯ ತಿಳಿಸಿ, ಹುಡುಗಿಯನ್ನು ತಾಳವಾಡಿಯ ಡಾಕ್ಟರಿಗೆ ತೋರಿಸಿದೆ. ಮಾರನೆಯ ದಿನದಿಂದ ಮಧ್ಯಾಹ್ನ ಅವಳೆದುರು ಕೂತು ನಾನೂ ಮುದ್ದೆ ಉಣ್ಣತೊಡಗಿದೆ. ಮೊದಲ ದಿನ ಅವಳು ನುಂಗಿದ್ದು ಎರಡು ತುತ್ತು.

"ನಾಳೆ ಮೂರು," ಎಂದೆ.

"ನೀವು ಬುಡಾಕಿಲ್ವಾ?"

"ಇಲ್ಲ."

ಮಳೆ ಬಂದರೂ ಬಸ್ಸು ತಪ್ಪಿದರೂ ಬಿಡಲಿಲ್ಲ. ನಾಲ್ಕನೆಯ ತಿಂಗಳು ಅವಳು ಮುದ್ದೆ ಮುಗಿಸಿ, ಇನ್ನೊಂದು ಸೌಟು ಸಾರು ಕೇಳಿದಳು.

ಆ ನಾಯಿ ಮಾತ್ರ ಬದುಕಿದ್ದಷ್ಟು ದಿನವೂ ನನ್ನನ್ನು ಕಂಡರೆ ಬೊಗಳುತ್ತಿತ್ತು.