ಅರ್ಧ ರಂಗೋಲಿ

ನನಗಾಗ ಐವತ್ತಾರು. ಹದಿನೆಂಟು ವರ್ಷದ ಹಿಂದಿನ ಮಾತು. ಶಿಡ್ಲಘಟ್ಟದ ಹತ್ತಿರದ ನಮ್ಮ ಮನೆಯಲ್ಲಿ ನಾನೂ ನನ್ನ ಓರಗಿತ್ತಿಯೂ ಒಂದೇ ಒಲೆಯಲ್ಲಿ ಬೇಯಿಸುತ್ತಿದ್ದೆವು. ಅವಳು ದೊಡ್ಡವಳು, ಅಕ್ಕ ಎನ್ನುತ್ತಿದ್ದೆ. ರಂಗೋಲಿ ಅವಳದೇ. ನನಗೆ ಒಂದು ಗೆರೆ ನೆಟ್ಟಗೆ ಎಳೆಯಲು ಬಾರದು.

ಆ ವರ್ಷ ಶ್ರಾವಣದಲ್ಲಿ ಅವಳಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಸೋತವು. ಬಲಗೈ ಉಳಿಯಿತು, ಮಾತು ಉಳಿಯಿತು. ಧನುರ್ಮಾಸ ಬಂದಾಗ ತಾನೇ ಮಣೆ ಹಾಕಿಸಿಕೊಂಡು ಅಂಗಳದಲ್ಲಿ ಬಾಗಿಲಿಗೆ ಮುಖ ಮಾಡಿ ಕೂತು ಚುಕ್ಕೆ ಇಟ್ಟಳು.

ನಾನು ಹೊರಗೆ ಬಂದು ನೋಡಿದರೆ ಅರ್ಧವೇ ಇದೆ. ಅವಳ ಬಲಗಡೆ ಬಳ್ಳಿ, ಹೂವು, ಒಂದು ಎಳೆ ತಪ್ಪಿಲ್ಲ. ಎಡಗಡೆ ಬರೀ ನೆಲ. ಎದುರು ಮನೆಯವಳು ನಕ್ಕಳು.

"ಏನಮ್ಮ, ನಿಮ್ಮನೇಲಿ ಭಾಗ ಆಗೋಯ್ತಾ? ರಂಗೋಲೀನೂ ಹಂಚ್ಕೊಂಡವ್ರೆ."

ಗಂಡಸರು ಆಗ ಭಾಗದ ಮಾತು ಎತ್ತಿದ್ದರು. ಬೀದಿಯಿಂದ ನೋಡಿದರೆ ಬಾಗಿಲ ಬಲಗಡೆ ಅಕ್ಕನ ಕೋಣೆ, ಎಡಗಡೆ ನಮ್ಮದು. ತನ್ನ ಪಾಲಿನ ಮುಂದೆ ಮಾತ್ರ ಬರೆದು ಬೀದಿಗೆಲ್ಲ ಸಾರುತ್ತಿದ್ದಾಳೆ ಎಂದುಕೊಂಡೆ. ಕಾಲಲ್ಲಿ ಒರೆಸಿದೆ. ಕೈಯಲ್ಲಲ್ಲ, ಕಾಲಲ್ಲಿ.

"ಯಾಕಮ್ಮ ಅಳಿಸ್ದೆ? ಪೂರ್ತಿ ಹಾಕಿದ್ನಲ್ಲ" ಎಂದಳು.

"ಹೂಂ, ನಿನ್ನ ಪಾಲು ಪೂರ್ತಿ" ಎಂದು ಹಿಟ್ಟಿನ ಬಟ್ಟಲು ಕಿತ್ತುಕೊಂಡು ಅಟ್ಟದ ಮೇಲಿಟ್ಟೆ. ಹನ್ನೆರಡು ದಿನ ನಮ್ಮ ಬಾಗಿಲು ಬೋಳಾಗಿತ್ತು. ಅವಳು ಕೇಳಲಿಲ್ಲ, ನಾನು ಕೊಡಲಿಲ್ಲ.

ಆಮೇಲೆ ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಹೋದೆವು. ಅವರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹಾಳೆ ಕೊಟ್ಟು ಹೂವು ಬರೆಯಿರಿ ಎಂದರು. ಅಕ್ಕ ಬಲಗಡೆಯ ದಳಗಳನ್ನಷ್ಟೇ ಬರೆದು ಪೆನ್ನು ಕೆಳಗಿಟ್ಟಳು.

"ನೋಡಿ, ಇಲ್ಲೂ ಅದೇ ಹಠ" ಎಂದೆ.

"ಹಠ ಅಲ್ಲಮ್ಮ. ಇವ್ರ ಮಿದುಳಿನ ಬಲಗಡೆಗೆ ಪೆಟ್ಟಾಗಿದೆ. ಎಡಗಡೆ ಅನ್ನೋದು ಒಂದಿದೆ ಅಂತ್ಲೇ ಇವ್ರಿಗೆ ಗೊತ್ತಾಗಲ್ಲ. ಕಣ್ಣು ಸರಿ ಇದೆ, ಕೈಯಲ್ಲಿರೋ ಕಲೇನೂ ಹಾಗೇ ಇದೆ. ಪೂರ್ತಿ ಬರ್ದಿದೀನಿ ಅಂತಾನೇ ತಿಳ್ಕೊಂಡಿದಾರೆ. ನೀವು ಎಡಗಡೆ ಕೂತ್ಕೊಂಡು ಮಾತಾಡಿಸ್ತಾ ಇರಿ, ಆ ಕಡೆ ತಿರುಗೋದು ರೂಢಿ ಆಗ್ಲಿ."

ತಟ್ಟೆಯ ಎಡಗಡೆ ಅವಳು ಬಿಡುತ್ತಿದ್ದ ಅನ್ನ ನೆನಪಾಯಿತು. ಅದಕ್ಕೂ ಕೊಬ್ಬು ಎಂದು ಬೈದಿದ್ದೆ. ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು. ತಪ್ಪಾಯಿತು ಎನ್ನುವ ಮಾತು ನನ್ನ ಬಾಯಿಗೆ ಬರುವುದಿಲ್ಲ, ಆವತ್ತೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಸಗಣಿ ನೀರು ಚೆಲ್ಲಿ, ಅವಳನ್ನು ಮಣೆಯ ಮೇಲೆ ಕೂರಿಸಿ, ಬಟ್ಟಲು ಮುಂದಿಟ್ಟೆ.

"ಬ್ಯಾಡಮ್ಮ, ಮತ್ತೆ ತುಳೀತೀಯ" ಎಂದಳು.

ನಾನು ಅವಳ ಎಡಗಡೆ ಒದ್ದೆ ನೆಲದಲ್ಲೇ ಕೂತು, ಸೊಟ್ಟಸೊಟ್ಟ ಚುಕ್ಕೆ ಇಡತೊಡಗಿದೆ.