ಕೌಂಟರಿನಲ್ಲಿ ನನ್ನ ತಮ್ಮ

ನನ್ನ ತಮ್ಮ ವಾರವೆಲ್ಲ ಟೈ ಕಟ್ಟಿಕೊಂಡು ಕಾರು ಶೋರೂಮಿನ ಸರ್ವಿಸ್ ಕೌಂಟರಿನಲ್ಲಿ ಕೂರುತ್ತಿದ್ದ. ಭಾನುವಾರ ಬಂತೆಂದರೆ ಹರಕು ಬನಿಯನ್ ಹಾಕಿಕೊಂಡು ತನ್ನ ಹಳೆಯ ಕಾರಿನ ಕೆಳಗೆ ಮಲಗಿರುತ್ತಿದ್ದ. ಆ ಕಾರಿಗೆ ಶೋರೂಮಿನ ಗಾಳಿಯನ್ನೂ ಸೋಕಿಸಿದವನಲ್ಲ. ಏರ್ ಫಿಲ್ಟರನ್ನು ಕಾಂಪೌಂಡ್ ಗೋಡೆಗೆ ಬಡಿದು ಧೂಳು ಕೊಡವುತ್ತಿದ್ದ. ಮಂಕಾದ ಹೆಡ್‌ಲೈಟನ್ನು ಟೂತ್‌ಪೇಸ್ಟ್ ಹಚ್ಚಿ ಉಜ್ಜುತ್ತಿದ್ದ.

"ನೋಡಿ ಅತ್ತಿಗೆ, ನಮ್ಮನೇಲಿ ಹಲ್ಲಿಗಿಂತ ಹೆಡ್‌ಲೈಟೇ ಬೆಳ್ಳಗಿದೆ," ಅಂತ ಅವನ ಹೆಂಡತಿ ನನ್ನ ಹತ್ತಿರ ದೂರುತ್ತಿದ್ದಳು.

ಬ್ರೇಕಿಗೆ ಮಾತ್ರ ಅವನು ಕೈ ಹಾಕುತ್ತಿರಲಿಲ್ಲ. "ಅದು ಜೀವದ ವಿಷಯ ಅಕ್ಕ, ನಿನ್ನ ಕಾರಿನ ಬ್ರೇಕನ್ನ ನಮ್ಮ ಶೋರೂಮಲ್ಲೇ ತೋರಿಸು," ಅಂದಿದ್ದ. ಹಾಗಾಗಿ ಆ ದಿನ ನಾನು ಅಲ್ಲಿಗೆ ಹೋಗಿ, ಅವನ ಮೇಜಿನ ಪಕ್ಕದ ಮೆತ್ತನೆಯ ಸೋಫಾದಲ್ಲಿ ಕೂತಿದ್ದೆ.

ಅಲ್ಲಿ ಕೂತ ಮೇಲೇ ಅವನ ಪಾಡು ನನಗೆ ಕಣ್ಣಾರೆ ಕಂಡಿದ್ದು. ಬಂದವರಿಗೆಲ್ಲ ಹೊಸ ಭಾಗಗಳನ್ನು ಹಾಕಿಸಬೇಕು, ಇಲ್ಲದಿದ್ದರೆ ಮ್ಯಾನೇಜರ್ ಸುಮ್ಮನಿರುವುದಿಲ್ಲ. ಎರಡು ತಿಂಗಳಿಂದ ತಮ್ಮನ ಮಾರಾಟ ಕಮ್ಮಿಯಾಗಿತ್ತು. "ಈ ತಿಂಗಳೂ ಹೀಗೇ ಆದ್ರೆ ನಿಮ್ಮ ದಾರಿ ನೀವು ನೋಡ್ಕೊಳ್ಳಿ," ಎಂದು ಆ ಮನುಷ್ಯ ಹೇಳಿಯೂ ಆಗಿತ್ತು. ಈಗ ನಾಲ್ಕು ಹೆಜ್ಜೆ ಆಚೆ ನಿಂತು ಕಿವಿಯನ್ನು ಈ ಕಡೆಗೇ ಇಟ್ಟುಕೊಂಡಿದ್ದ. ಅವನ ಮುಖ ನೋಡಿದರೇ ನನಗೆ ಮೈ ಉರಿಯುತ್ತಿತ್ತು.

ಅಷ್ಟರಲ್ಲಿ ಕನ್ನಡಕದ ಹಿರಿಯರೊಬ್ಬರು ಬಂದು ಕೂತರು. ಬೆಳಿಗ್ಗೆ ಹೊತ್ತು ಅವರ ಕಾರು ಸ್ಟಾರ್ಟ್ ಆಗುತ್ತಿರಲಿಲ್ಲವಂತೆ, ಅಕ್ಕಪಕ್ಕದವರು ತಳ್ಳಿ ತಳ್ಳಿ ಸುಸ್ತಾಗಿದ್ದರಂತೆ. ಗಾಜಿನಾಚೆ ಆ ಕಾರಿನ ಬಾನೆಟ್ ತೆರೆದಿತ್ತು. ಬ್ಯಾಟರಿಗೆ ವೈರು ಕೂಡುವ ಜಾಗದಲ್ಲಿ ಬಿಳಿ ಪುಡಿ ಗಟ್ಟಿಯಾಗಿ ಕೂತಿದ್ದು ನನಗೂ ಕಾಣುತ್ತಿತ್ತು. ತಮ್ಮ ತಲೆ ಬಗ್ಗಿಸಿ, ಹೊಸ ಬ್ಯಾಟರಿ, ಹೊಸ ವೈರು, ಎಂಜಿನ್ ತೊಳೆಯುವುದು ಎಂದು ಕಂಠಪಾಠ ಒಪ್ಪಿಸಿದ.

ಹಿರಿಯರು ಸಹಿ ಹಾಕಲು ಪೆನ್ನು ಕೈಗೆತ್ತಿಕೊಂಡವರು ಹಾಗೇ ನಿಲ್ಲಿಸಿದರು. "ನನಗೆ ಇದೆಲ್ಲ ತಿಳಿಯಲ್ಲಪ್ಪ. ನೀವೇ ಹೇಳಿ. ನಿಮ್ಮ ಅಕ್ಕನ ಕಾರಾಗಿದ್ರೆ ಏನ್ ಮಾಡ್ತಿದ್ರಿ?"

ಅವರಿಗೇನು ಗೊತ್ತು, ಅಕ್ಕ ಪಕ್ಕದಲ್ಲೇ ಕೂತಿದ್ದಾಳೆ ಅಂತ! ನಾನು ಗೋಡೆಯ ಮೇಲಿನ ಕಾರಿನ ಚಿತ್ರ ನೋಡತೊಡಗಿದೆ. ಇದನ್ನೇ ಹಾಕಿಸ್ತಿದ್ದೆ ಅಂತ ಹೇಳಿಬಿಡೋ, ಹೋಗಲಿ, ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಅವನಿಗೆ ಇಬ್ಬರು ಮಕ್ಕಳು.

ತಮ್ಮ ಒಂದು ಸಲ ನನ್ನ ಕಡೆ ನೋಡಿದ.

"ಅಕ್ಕನ ಕಾರಾಗಿದ್ರೆ ಬ್ಯಾಟರಿ ವೈರು ಬಿಚ್ಚಿ, ಬಿಸಿನೀರಿಗೆ ಸೋಡಾ ಪುಡಿ ಕಲಸಿ ಆ ಬಿಳೀದನ್ನ ಉಜ್ಜಿ ತೊಳೀತಿದ್ದೆ ಸರ್. ಒಣಗಿಸಿ ಬಿಗಿಯಾಗಿ ಕೂರಿಸ್ತಿದ್ದೆ. ಅದಕ್ಕೂ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಆಮೇಲೆ ಹೊಸ ಬ್ಯಾಟರಿ ಮಾತು."

ಹಿರಿಯರು ಬಾಯಿ ತುಂಬ ನಕ್ಕು, ಪೆನ್ನು ಕೆಳಗಿಟ್ಟು, ಅವನ ಕೈ ಕುಲುಕಿ ಹೋದರು. ಮ್ಯಾನೇಜರ್ ತಮ್ಮನನ್ನು ಒಳಗೆ ಕರೆದ. ಗಾಜಿನ ಬಾಗಿಲು ಮುಚ್ಚಿತು. ಹೆಮ್ಮೆಯೋ ಭಯವೋ ತಿಳಿಯದೆ ನಾನು ಸೋಫಾದಿಂದ ಎದ್ದು ಆ ಬಾಗಿಲನ್ನೇ ನೋಡುತ್ತ ನಿಂತೆ.

ಹೊರಗೆ ಬಂದವನು ಟಿಫಿನ್ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡ. "ನಾಳೆಯಿಂದ ಬರೋದು ಬೇಡ ಅಂದ್ರು."

ತಡೆಯಲಾಗಲಿಲ್ಲ, ಅಲ್ಲೇ ಬೈದೆ. "ಒಂದು ಮಾತು ನುಂಗಿಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ? ದಿನಾ ಎಷ್ಟು ಜನ ಕೇಳಲ್ಲ ನಿನ್ನನ್ನ ಹೀಗೆ!"

"ದಿನಾ ಕೇಳ್ತಾರೆ," ಅಂದ. "ದಿನಾ ಹೇಳ್ತಿದ್ದೆ, ಇದನ್ನೇ ಹಾಕಿಸ್ತಿದ್ದೆ ಅಂತ." ಬ್ಯಾಗಿನ ಜಿಪ್ ಎಳೆದು, ಸಿಟ್ಟಿಲ್ಲದ ದನಿಯಲ್ಲಿ ಹೇಳಿದ:

"ಇವತ್ತು ನೀನು ಅಲ್ಲಿ ಕೂತಿರಬಾರದಿತ್ತು ಅಕ್ಕ."