ನಾದಿನಿಯ ಫೋನು ರಿಪೇರಿ ಮಾಡಿದ್ದು

ನನ್ನ ಹೆಂಡತಿಯ ತಂಗಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ಗಡಹಿಂಗ್ಲಜದಲ್ಲಿ ತಾಯಿಯ ಜೊತೆ ಇದ್ದುಕೊಂಡು ಬ್ಲೌಸ್ ಹೊಲಿಯುತ್ತಾಳೆ. ಚಿಕ್ಕವರಿದ್ದಾಗ ಅಕ್ಕತಂಗಿಯರು ತಾವೇ ಕಟ್ಟಿಕೊಂಡ ಕೈಮಾತೊಂದು ಅವರಿಬ್ಬರ ನಡುವೆ ಇದೆ. ಮದುವೆಯಾಗಿ ಹೆಂಡತಿ ಇಚಲಕರಂಜಿಗೆ ಬಂದ ಮೇಲೆ ಅದು ಫೋನಿನ ವಿಡಿಯೋದಲ್ಲಿ ಮುಂದುವರಿಯಿತು. ದಿನಾ ಸಂಜೆ ಐದಕ್ಕೆ ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಸಕ್ಕರೆ ಡಬ್ಬಿಗೆ ಫೋನು ಒರಗಿಸಿ ನಿಲ್ಲುತ್ತಿದ್ದಳು. ಎರಡೂ ಕೈ ಬೇಕಲ್ಲ. ಹೊರಗಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತ ನನಗೆ ಬಳೆಗಳ ಸಪ್ಪಳ, ನಡುನಡುವೆ ನಗು, ಇಷ್ಟೇ ಕೇಳಿಸುತ್ತಿತ್ತು.

ನನ್ನ ಕೆಲಸ ಸೀರೆಯ ಅಂಚಿನ ಡಿಸೈನ್ ಮಾಡುವುದು. ಅಪ್ಪ ರಬಕವಿ ಕಡೆಯಿಂದ ಬಂದು ಇಲ್ಲಿಯ ಪಾವರಲೂಮಿನಲ್ಲೇ ಆಯುಷ್ಯ ಕಳೆದರು. ನಾನು ಮಗ್ಗ ಮುಟ್ಟದೆ ಮಗ್ಗದ ಅನ್ನ ತಿನ್ನುವವ. ಕೊಲ್ಹಾಪುರದ ಒಬ್ಬ ವ್ಯಾಪಾರಿ ಸಂಜೆಯ ಹೊತ್ತು ಇಂಟರ್‌ನೆಟ್‌ನಲ್ಲಿ ನನ್ನ ಪರದೆಯನ್ನು ತಮ್ಮ ಪರದೆಯ ಮೇಲೆ ನೋಡುತ್ತ, ಈ ಹೂವು ಸಣ್ಣದು ಮಾಡಿ, ಆ ಬಣ್ಣ ತೆಗೆಯಿರಿ ಎಂದು ಹೇಳುತ್ತಿದ್ದರು. ಆ ವರ್ಷ ಮಳೆಗಾಲ ಶುರುವಾದ ಮೇಲೆ ಇಂಟರ್‌ನೆಟ್ ನಿಧಾನವಾಯಿತು. ನಾನು ಇಲ್ಲಿ ಹೂವು ಸರಿಸಿದರೆ ಅವರಿಗೆ ಕಾಣಲು ಎಷ್ಟೋ ಹೊತ್ತು ಬೇಕಾಗುತ್ತಿತ್ತು.

"ಅಹೋ, ನಿಮ್ಮ ಚಿತ್ರ ಅಲ್ಲೇ ನಿಂತೈತ್ರಿ. ಆಗೂದಿಲ್ಲಂದ್ರ ಹೇಳ್ರಿ, ಬ್ಯಾರೆಯವ್ರನ್ನ ನೋಡ್ತೇನಿ," ಎಂದರು ಒಂದು ದಿನ.

ಆ ಮಾತು ಚುಚ್ಚಿತು. ರೌಟರನ್ನು ತಿಜೋರಿಯ ಹಿಂದಿನಿಂದ ತೆಗೆದು ಮೊಳೆ ಹೊಡೆದು ಗೋಡೆಗೆ ಏರಿಸಿದೆ. ಕಂಪ್ಯೂಟರಿಗೆ ನೇರ ವೈರು ಹಾಕಿದೆ. ಬಂದ್ ಮಾಡಿ ಚಾಲೂ ಮಾಡಿದ್ದಕ್ಕೆ ಲೆಕ್ಕವಿಲ್ಲ. ಕೊನೆಗೆ ಲೈನ್ ನೋಡುವವನನ್ನು ಕರೆಸಿದೆ. ಅವನು ತನ್ನ ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ ಸ್ಪೀಡು ಅಳೆದು ತೋರಿಸಿದ.

"ಲೈನ್ ಬರೋಬರ್ ಐತ್ರಿ. ನಿಮ್ಮ ಮನ್ಯಾಗ ಏನೋ ಎಳ್ಯಾಕತ್ತೈತಿ. ಕಂಪ್ಯೂಟರ್‌ನ್ಯಾಗ ಹಿಂದ ಏನರೆ ಚಾಲೂ ಐತೇನು ನೋಡ್ರಿ."

ಹದಿನೈದು ವರ್ಷ ಕಂಪ್ಯೂಟರಿನ ಮುಂದೆ ಕೂತವನಿಗೆ ಇವನೇನು ಹೇಳುತ್ತಾನೆ ಎಂದು ನನಗೆ ಸಿಟ್ಟು ಬಂತು. ಹೋಗುವಾಗ ಅವನು ರೌಟರಿನ ಒಳಗಿನ ಪುಟವೊಂದನ್ನು ತೆರೆದು ತೋರಿಸಿ ಹೋದ. ಮನೆಯಲ್ಲಿ ಜೋಡಿಸಿಕೊಂಡ ಪ್ರತಿಯೊಂದೂ ಅಲ್ಲಿ ಕಾಣುತ್ತಿತ್ತು: ನನ್ನ ಕಂಪ್ಯೂಟರು, ನನ್ನ ಫೋನು, ಹೆಂಡತಿಯ ಫೋನು. ಯಾವುದಕ್ಕೆ ಎಷ್ಟು ಸ್ಪೀಡು ಕೊಡಬೇಕೆಂದು ಅಲ್ಲಿಯೇ ಮಿತಿ ಹಾಕಬಹುದಿತ್ತು.

ಅವನು ಹೋದ ಹತ್ತು ನಿಮಿಷದಲ್ಲಿ, ಎಳೆಯುತ್ತಿರುವುದು ಸಂಜೆಯ ವಿಡಿಯೋ ಮಾತೇ ಎಂದು ತೀರ್ಮಾನಿಸಿ, ನಾನು ಹೆಂಡತಿಯ ಫೋನಿಗೆ ಮಿತಿ ಹಾಕಿದೆ. ಸಂದೇಶ ಹೋಗುವಷ್ಟು, ಫೋಟೋ ತಡವಾಗಿಯಾದರೂ ಬರುವಷ್ಟು, ಅಷ್ಟೇ. ಅವಳು ಅಲ್ಲೇ ಅಡುಗೆಮನೆಯಲ್ಲಿದ್ದಳು. ಹೇಳಿದ್ದರೆ, "ಹಂಗಾದ್ರ ನಾವು ಮುಂಜಾನೆ ಮಾತಾಡ್ತೇವಿ ಬಿಡ್ರಿ," ಎನ್ನುತ್ತಿದ್ದಳು. ಬಹುಶಃ ಅದಕ್ಕೇ ಹೇಳಲಿಲ್ಲ. ಕೇಳಿ ಪಡೆದರೆ ಅದು ಅವಳ ಉಪಕಾರವಾಗುತ್ತಿತ್ತು. ನನಗೆ ಅದು ನನ್ನ ಹಕ್ಕಾಗಿ ಬೇಕಿತ್ತು.

ಎರಡು ದಿನದ ನಂತರ ಅವಳು ಬಾಗಿಲಲ್ಲಿ ನಿಂತು ಕೇಳಿದಳು. "ಏನ್ರೀ, ಫೋನಿನ್ಯಾಗ ಆಕಿ ಕೈ ನಡುವ ನಿಂತ ಬಿಡ್ತಾವ. ಏನ್ ಹೇಳಾಕತ್ತಾಳ ಒಂದೂ ತಿಳಿಯವಲ್ದು."

"ನಿನ್ನ ಫೋನ್ ಹಳೇದಾಗೇತಿ," ಎಂದೆ, ಪರದೆಯಿಂದ ಕಣ್ಣು ತೆಗೆಯದೆ.

ಅವಳು ನಂಬಿದಳು. ಬಳೆಗಳ ಸಪ್ಪಳ ಕಡಿಮೆಯಾಗುತ್ತ ಬಂತು. ನನ್ನ ಕೆಲಸಕ್ಕೆ ಸ್ಪೀಡು ಹೆಚ್ಚಾಗಿದೆಯೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವಾಗಿ ಒಂದು ದಿನ ಚೆನ್ನಾಗಿದ್ದರೆ ಮೂರು ದಿನ ಹಿಂದಿನಂತೆಯೇ ಇರುತ್ತಿತ್ತು. ದಸರೆಯ ಹೊತ್ತಿಗೆ ತಂಗಿಯ ಫೋನು ಬರುವುದೇ ನಿಂತಿತು. "ನಾನ ನಡುವ ಕಟ್ ಮಾಡ್ತೇನಿ ಅಂತ ತಿಳಕೊಂಡಾಳೇನೋ. ನನ್ನ ಮ್ಯಾಲ ಸಿಟ್ಟು ಬಂದೈತಿ ಆಕಿಗೆ," ಎಂದು ಹೆಂಡತಿ ಊಟಕ್ಕೆ ಬಡಿಸುತ್ತ ಹೇಳಿದಳು. ನಾನು ಇನ್ನೊಂದು ರೊಟ್ಟಿ ಕೇಳಿದೆ.

ದೀಪಾವಳಿ ಕಳೆದ ಮೇಲೆ ಒಂದು ರವಿವಾರ ನಾದಿನಿ ಒಬ್ಬಳೇ ಬಂದಳು. ಕೊಲ್ಹಾಪುರದಲ್ಲಿ ಬಸ್ಸು ಬದಲಿಸಿ, ಚೀಟಿಯಲ್ಲಿ ಊರ ಹೆಸರು ಬರೆದುಕೊಂಡು, ಅದನ್ನೇ ಕಂಡಕ್ಟರಿಗೆ ತೋರಿಸುತ್ತ ಬಂದಿದ್ದಳು. ಬಾಗಿಲಲ್ಲಿ ನಿಂತು ಅಕ್ಕನಿಗೆ ಏನೋ ಹೇಳಲು ಕೈ ಎತ್ತಿದಳು. ಎತ್ತಿದ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಮುಂದಿನ ಸನ್ನೆ, ಮತ್ತೆ ಹಾಗೇ ಹಿಡಿದು ನಿಲ್ಲುವುದು. ಹೆಂಡತಿ ನಕ್ಕು ಅವಳ ಕೈ ಹಿಡಿದು ಕೆಳಗೆ ಇಳಿಸಿದಳು. ಆಗ ನನಗೆ ತಿಳಿಯಿತು. ಚಿತ್ರ ಮುಟ್ಟಲಿ ಎಂದು ಒಂದೊಂದು ಸನ್ನೆಯನ್ನೂ ಹೀಗೆ ಹಿಡಿದು ನಿಂತು ಮಾತಾಡುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಅಕ್ಕ ಕಣ್ಣೆದುರಿಗಿದ್ದರೂ ಕೈ ಅದನ್ನು ಬಿಟ್ಟಿರಲಿಲ್ಲ.

ಆಮೇಲೆ ಇಬ್ಬರ ಕೈಗಳೂ ಹಾರತೊಡಗಿದವು. ಹಂಚಿನ ಮೇಲಿನ ರೊಟ್ಟಿ ಹೊತ್ತಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಊಟಕ್ಕೆ ಮೊದಲು ನಾದಿನಿ ಕರವಸ್ತ್ರದಲ್ಲಿ ಸುತ್ತಿಟ್ಟ ತನ್ನ ಫೋನನ್ನು ನನ್ನ ಮೇಜಿನ ಮೇಲೆ ಇಟ್ಟಳು. ನನ್ನನ್ನು ಕರೆಯಲು ಅವಳಿಗೊಂದು ಸನ್ನೆಯಿತ್ತು, ಎರಡೂ ಕೈಬೆರಳು ಕೀಲಿಮಣೆ ಒತ್ತುವಂತೆ. ಅದನ್ನು ಮಾಡಿ ಹಣೆ ಮುಟ್ಟಿಕೊಂಡಳು.

"ನೀವು ಭಾಳ ಶಾಣ್ಯಾ ಅನ್ನಾಕತ್ತಾಳ," ಎಂದಳು ಹೆಂಡತಿ. "ಆಕಿ ಫೋನ್ ಕೆಟ್ಟೈತಂತ್ರೀ. ಅಲ್ಲಿ ಅಂಗಡ್ಯಾಂವ ಏನೂ ಆಗಿಲ್ಲ ಅಂದನಂತ. ಅದಕ್ಕ ನಿಮ್ಮ ಕಡೆ ತಂದಾಳ."

ಆಗಲಾದರೂ ಹೇಳಬಹುದಿತ್ತು. ನಾನು ಹೇಳಿದ್ದು, "ನೋಡ್ತೇನಿ ತಡಿ."

ಅರ್ಧ ತಾಸು ಆ ಫೋನು ಹಿಡಿದು ಕೂತೆ. ಸೆಟಿಂಗ್ ತೆರೆದೆ, ಮುಚ್ಚಿದೆ. ಬಂದ್ ಮಾಡಿದೆ, ಚಾಲೂ ಮಾಡಿದೆ. ಹುಬ್ಬು ಗಂಟಿಕ್ಕಿ ತಲೆಯನ್ನೂ ಅಲ್ಲಾಡಿಸಿದೆ. ಅವಳು ಕುರ್ಚಿಯ ಹಿಂದೆ, ಡಾಕ್ಟರರ ಮುಂದೆ ನಿಂತಂತೆ ಕೈಕಟ್ಟಿ ನಿಂತಿದ್ದಳು. ಕೈ ತೊಳೆಯಲು ಅವಳು ಒಳಗೆ ಹೋದಾಗ ನನ್ನ ಕಂಪ್ಯೂಟರಿನಲ್ಲಿ ರೌಟರಿನ ಪುಟ ತೆರೆದು ಮಿತಿ ತೆಗೆದೆ. ನಂತರ "ಆತು" ಎಂದೆ.

ಅವಳು ಮಾಳಿಗೆಯ ಮೇಲೆ, ಅಕ್ಕ ಅಡುಗೆಮನೆಯಲ್ಲಿ. ವಿಡಿಯೋ ಹಚ್ಚಿ ನೋಡಿದರು. ಒಂದು ಬೆರಳೂ ನಿಲ್ಲಲಿಲ್ಲ. ಮೆಟ್ಟಿಲು ಇಳಿದು ಓಡಿಬಂದವಳು ನನ್ನ ಕಾಲು ಮುಟ್ಟಲು ಬಗ್ಗಿದಳು. ತಾಯಿ ಮಾಡಿ ಕಳಿಸಿದ್ದ ಶೇಂಗಾ ಹೋಳಿಗೆಯ ಡಬ್ಬಿಯನ್ನು ನನ್ನ ಮುಂದೆಯೇ ಬಿಚ್ಚಿದಳು. ಎರಡು ತಿಂದೆ.

ಮರುದಿನ ಕೆಲಸಕ್ಕೆ ಕೂತಾಗ ಸ್ಪೀಡು ಮೊದಲಿದ್ದಷ್ಟೇ ಇತ್ತು. ಮಿತಿ ಇದ್ದರೂ ಅಷ್ಟೇ, ಇರದಿದ್ದರೂ ಅಷ್ಟೇ. ಆಗ ಮಾತ್ರ, ಲೈನಿನವನು ಹೇಳಿದ್ದನ್ನು ಮಾಡಿದೆ. ಕಂಪ್ಯೂಟರಿನಲ್ಲಿ ಹಿಂದೆ ಏನೇನು ನಡೆದಿದೆ ಎಂದು ನೋಡಿದೆ. ಮಳೆಗಾಲದ ಮೊದಲಿಗೆ, ಡಿಸೈನುಗಳು ಕಳೆದುಹೋಗದಿರಲಿ ಎಂದು ಎಲ್ಲದರ ಒಂದೊಂದು ಪ್ರತಿಯನ್ನು ಇಂಟರ್‌ನೆಟ್‌ನಲ್ಲಿ ಇಡುವ ಪ್ರೋಗ್ರಾಮ್ ಒಂದನ್ನು ನಾನೇ ಹಾಕಿದ್ದೆ. ನಾನು ಒಂದು ಗೆರೆ ಬದಲಿಸಿದರೂ ಅದು ಇಡೀ ದೊಡ್ಡ ಫೈಲನ್ನು ಮತ್ತೆ ಕಳಿಸುತ್ತ ಕೂತಿತ್ತು. ಅದನ್ನು ನಿಲ್ಲಿಸಿದೆ. ಆ ಕ್ಷಣಕ್ಕೇ ಎಲ್ಲ ಸರಾಗವಾಯಿತು. ಹೆಂಡತಿಯ ಸಂಜೆಯ ಮಾತು ನನ್ನ ದಾರಿಗೆ ಎಂದೂ ಅಡ್ಡ ಬಂದಿರಲೇ ಇಲ್ಲ.

ನಾಲ್ಕು ದಿನ ಸುಮ್ಮನಿದ್ದೆ. ಐದನೆಯ ದಿನ ಹೆಂಡತಿ ಪಕ್ಕದ ಮನೆಯವರಿಗೆ, "ನಮ್ಮ ಮನಿಯವ್ರು ಅರ್ಧ ತಾಸಿನ್ಯಾಗ ಬರೋಬರ್ ಮಾಡಿಕೊಟ್ರು ನೋಡ್ರಿ," ಎಂದು ಹೇಳುವುದು ಕಿಟಕಿಯಿಂದ ಕೇಳಿಸಿತು. ಅದನ್ನು ತಡೆದುಕೊಳ್ಳಲಾಗಲಿಲ್ಲ. ಮಧ್ಯಾಹ್ನ ಅವಳು ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದಾಗ ಎದುರಿಗೆ ಕೂತು ಎಲ್ಲ ಹೇಳಿದೆ.

"ಮೂರು ತಿಂಗಳು?" ಎಂದಳು.

"ಹೂಂ."

"ಆಕಿ ಫೋನ್ ತಗೊಂಡು ಅಷ್ಟು ದೂರದಿಂದ ಬಂದಾಗೂ ನಿಮಗ ಗೊತ್ತಿತ್ತು?"

"ಗೊತ್ತಿತ್ತು."

ಅವಳು ಕಟ್ಟಿನಲ್ಲಿ ಉಳಿದ ಮೆಂತ್ಯವನ್ನು ಪೂರ್ತಿ ಸೋಸಿದಳು. "ಇದನ್ನ ಆಕಿಗೆ ನಾ ಹೇಳೂದಿಲ್ರೀ. ನೀವ ಹೇಳ್ರಿ. ಆಕಿ ಮಾತಿನ್ಯಾಗ ಹೇಳ್ರಿ."

ಮದುವೆಯಾಗಿ ಹನ್ನೊಂದು ವರ್ಷವಾದರೂ ನನಗೆ ಆ ಮಾತಿನಲ್ಲಿ ಊಟ, ಚಹಾ ಬಿಟ್ಟರೆ ಏನೂ ಬರುತ್ತಿರಲಿಲ್ಲ. ಹೆಂಡತಿ ಐದಾರು ಸನ್ನೆ ಕಲಿಸಿದಳು, ಮುಖದಲ್ಲಿ ನಗೆಯಿಲ್ಲದೆ. ಮುಂದಿನ ರವಿವಾರ ಇಬ್ಬರೂ ಗಡಹಿಂಗ್ಲಜಕ್ಕೆ ಹೋದೆವು. ನಾದಿನಿ ಹೊಲಿಗೆ ಯಂತ್ರದ ಮುಂದೆ ಇದ್ದಳು. ನಿಂತುಕೊಂಡೇ ಮಾಡಿದೆ: ನಾನು, ನಿಮ್ಮ ಮಾತು, ಕಟ್ಟಿಹಾಕಿದೆ, ಬೇಕಂತ, ನನ್ನ ತಪ್ಪು. ನಾನು ಸನ್ನೆ ತಪ್ಪು ಮಾಡಿದ್ದೇನೆ ಎಂದುಕೊಂಡು ಅವಳು ನಕ್ಕಳು. ಅಕ್ಕನ ಮುಖ ನೋಡಿದಳು. ಅಕ್ಕ ಹೌದೆಂದು ಗೋಣು ಹಾಕಿದಳು. ನಗು ಹೋಯಿತು. ಹೊಲಿಯುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟು ಕೈ ಎತ್ತಿ ಒಂದೇ ಮಾತು ಕೇಳಿದಳು.

ಹೆಂಡತಿ ಅದನ್ನು ಹೇಳಿದಳು: "'ಹಂಗಾದ್ರ ಅವತ್ತ ನನ್ನ ಫೋನ್ ಹಿಡಕೊಂಡು ಅರ್ಧ ತಾಸು ಏನ್ ಮಾಡಿದ್ರಿ?' ಅಂತ ಕೇಳಾಕತ್ತಾಳ."

ನಾದಿನಿ ಎದ್ದು ಚಹಾ ಮಾಡಿಕೊಟ್ಟಳು. ಯಾರೂ ಏನೂ ಬೈಯಲಿಲ್ಲ.

ಈಗ ದಿನಾ ಸಂಜೆ ಮತ್ತೆ ಬಳೆಗಳು ಸಪ್ಪಳ ಮಾಡುತ್ತವೆ. ಆದರೆ ನೀರು ಕುಡಿಯಲು ನಾನು ಅಡುಗೆಮನೆಗೆ ಹೋಗಿ ಆ ಸಣ್ಣ ಪರದೆಯಲ್ಲಿ ಕಾಣಿಸಿಕೊಂಡರೆ ಸಾಕು, ಆಚೆಗೆ ನಾದಿನಿಯ ಕೈಗಳು ತೊಡೆಯ ಮೇಲೆ ಇಳಿದುಬಿಡುತ್ತವೆ. ಮರ್ಯಾದೆಯಿಂದ ಮುಗುಳ್ನಗುತ್ತಾಳೆ, ನಾನು ಹೊರಗೆ ಹೋಗುವವರೆಗೆ ಕಾಯುತ್ತಾಳೆ. ಹೆಂಡತಿಯೂ ಇದನ್ನು ನೋಡಿರಬೇಕು. ಐದು ಹೊಡೆಯುವ ಮೊದಲೇ ನನ್ನ ಮೇಜಿನ ಮೇಲೆ ತಂಬಿಗೆಯಲ್ಲಿ ನೀರು ತಂದಿಟ್ಟು ಹೋಗುತ್ತಾಳೆ.